ಬರೋಲೊ ಬಣ್ಣ ಇಟ್ಟಿಗೆಗೆ ತಿರುಗಿದೆ: ಕೆಟ್ಟಿದೆಯೋ, ಹದಕ್ಕೆ ಬಂದಿದೆಯೋ? ಮೂರು ಬಾಟಲಿಗಳಲ್ಲಿ ಮೊದಲು ಯಾವುದು?

ನೇರಳೆಮರ (ಪ್ರಶ್ನೆ)

ಇಟಲಿಯ ಕೆಂಪು ವೈನ್ ಬರೋಲೊವನ್ನು ಬಲ್ಲವರಿಗೆ ನಮಸ್ಕಾರ. ಮೂರು ಬಾಟಲಿಗಳಿವೆ, ಯಾವುದನ್ನು ಯಾವಾಗ ತೆರೆಯುವುದು ಅಂತ ತೀರ್ಮಾನವಾಗಬೇಕು.

ಒಂದು 2017ರದ್ದು, ಲಾ ಮೊರಾ ಊರಿನದು, ತೋಟದ ಹೆಸರಿಲ್ಲ. ಇನ್ನೊಂದು 2016ರದ್ದು, ಸೆರಾಲುಂಗಾದ ಒಂದೇ ತೋಟದ ಹಣ್ಣಿನದು, ಮಾಡಿದವರು ದೊಡ್ಡ ಪೀಪಾಯಿಯ ಹಳೇ ಪದ್ಧತಿಯವರು. ಮೂರನೆಯದು 1996ರದ್ದು, ಕಾಸ್ತಿಲ್ಯೋನೆ ಫಲೆತ್ತೊ ಊರಿನದು. ಅದನ್ನು ನೆಟ್ಟಗೆ ನಿಲ್ಲಿಸಿದರೆ ಬಿರಡೆಯ ತಳಕ್ಕೂ ವೈನ್ ಮಟ್ಟಕ್ಕೂ ಮೂರೂವರೆ ಸೆಂಟಿಮೀಟರ್ ಅಂತರವಿದೆ. ಮೊದಲ ಎರಡು ಬೆಂಗಳೂರಿನ ಮನೆಯ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದಿವೆ. 1996ರದ್ದು ತಂಪು ನೆಲಮಾಳಿಗೆಯಲ್ಲೇ ಇದ್ದು ಇತ್ತೀಚೆಗೆ ಬಂದದ್ದು.

2017ರದ್ದೇ ಇನ್ನೊಂದು ಬಾಟಲಿ ತೆರೆದಾಗ ವೈನ್ ಎಷ್ಟು ತೆಳುವಾಗಿ ಕಂಡಿತು ಅಂದರೆ ಗ್ಲಾಸಿನ ಹಿಂದೆ ಹಿಡಿದ ಅಕ್ಷರ ಓದಬಹುದಿತ್ತು. ಅಂಚು ಇಟ್ಟಿಗೆ ಬಣ್ಣ. ಆದರೆ ಬಾಯಿಗಿಟ್ಟರೆ ಒಗರು ಒಸಡು ಹಿಡಿಯುತ್ತಿತ್ತು. ಬಿಸಿಲಿಗೆ ಕೆಟ್ಟಿದೆ ಅನ್ನುವ ಮಾತೂ ಬಂತು, ಬರೋಲೊ ಇರುವುದೇ ಹಾಗೆ ಅನ್ನುವ ಮಾತೂ ಬಂತು.

ಕೇಳಬೇಕಾದ್ದು ಇಷ್ಟು. ಈ ಬಣ್ಣ ಕೆಟ್ಟಿರುವ ಗುರುತೇ? ಮೂರರಲ್ಲಿ ಯಾವುದು ಮೊದಲು? 1996ರ ಬಿರಡೆ ಪುಡಿಯಾಗದಂತೆ ತೆಗೆದು ಗಸಿ ಬೇರ್ಪಡಿಸುವುದು ಹೇಗೆ? ಇನ್ನೊಂದು, ಫ್ರಾನ್ಸಿನ ಉದಾರ್ ಎಂಬಾತ ಬಂದು ಸಿಹಿಯಾಗಿದ್ದ ಬರೋಲೊವನ್ನು ಸಿಹಿಯಿಲ್ಲದ ವೈನ್ ಮಾಡಿದ ಅಂತ ಎಲ್ಲ ಕಡೆ ಓದುತ್ತೇವಲ್ಲ, ಅದು ಎಷ್ಟು ನಿಜ?


ಬಿರಡೆ

ಬಣ್ಣದ ವಿಷಯ ಮೊದಲು ಹೇಳುತ್ತೇನೆ. ಬರೋಲೊ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ.

ಬರೋಲೊ ನೂರಕ್ಕೆ ನೂರು ನೆಬ್ಬಿಯೊಲೊ ಎಂಬ ಒಂದೇ ದ್ರಾಕ್ಷಿಯದು, ಬೇರೆ ತಳಿ ಬೆರೆಸಲು ಕಾನೂನು ಬಿಡುವುದಿಲ್ಲ. ಕೆಂಪು ವೈನ್‌ಗೆ ಬಣ್ಣ ಕೊಡುವುದು ಸಿಪ್ಪೆಯ ಆಂಥೋಸಯಾನಿನ್‌ಗಳು. ಕ್ಯಾಬರ್ನೆ, ಶಿರಾಜ್ ಮುಂತಾದ ಕಪ್ಪು ವೈನ್‌ಗಳಲ್ಲಿ ಅವುಗಳ ಪೈಕಿ ಮಾಲ್ವಿಡಿನ್ ಬಗೆಯದು ಹೆಚ್ಚು, ಅದು ಗಟ್ಟಿ ಬಣ್ಣ. ನೆಬ್ಬಿಯೊಲೊ ಸಿಪ್ಪೆಯಲ್ಲಿ ಪಿಯೊನಿಡಿನ್ ಮತ್ತು ಸಯಾನಿಡಿನ್‌ಗಳದೇ ಮೇಲುಗೈ. ಗಾಳಿಯ ಆಮ್ಲಜನಕಕ್ಕೆ ಇವು ಬೇಗ ಸೋಲುತ್ತವೆ. ಹುದುಗುವಾಗಲೇ ಒಂದಷ್ಟು ಬಣ್ಣ ಹೋಗಿರುತ್ತದೆ, ಪೀಪಾಯಿಯಲ್ಲಿ ಕುಳಿತಾಗ ಇನ್ನಷ್ಟು. ಹಾಗಾಗಿ ನಾಲ್ಕೈದು ವರ್ಷಕ್ಕೇ ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಾಣುವುದು ಈ ದ್ರಾಕ್ಷಿಯ ಜಾಯಮಾನ. ಹತ್ತು ವರ್ಷದ ಬರೋಲೊ ಶಾಯಿಯ ಹಾಗೆ ಕಪ್ಪಗಿದ್ದರೆ ಅದನ್ನೇ ಅನುಮಾನದಿಂದ ನೋಡಬೇಕು.

ಬಣ್ಣ ತೆಳುವಾದರೂ ಮೈಕಟ್ಟು ತೆಳುವಲ್ಲ, ಅದು ಇರುವುದು ಒಗರಿನಲ್ಲಿ ಮತ್ತು ಹುಳಿಯಲ್ಲಿ. ಒಗರು ಅಂದರೆ ಟ್ಯಾನಿನ್, ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವ ಅದೇ ಜಾತಿಯ ವಸ್ತು. ಎಂಜಲಿನ ಪ್ರೊಟೀನುಗಳನ್ನು ಅದು ಹಿಡಿದು ಗಂಟು ಮಾಡುವುದರಿಂದ ನಾಲಿಗೆಯ ಜಾರು ಹೋಗಿ ಒಸಡು ಒಣಗಿದ ಹಾಗಾಗುತ್ತದೆ. ನೆಬ್ಬಿಯೊಲೊದಲ್ಲಿ ಸಿಪ್ಪೆಯಿಂದಲೂ ಬೀಜದಿಂದಲೂ ಬರುವ ಟ್ಯಾನಿನ್ ಬಹಳ. ಬಾಟಲಿಯಲ್ಲಿ ವರ್ಷಗಟ್ಟಲೆ ಮಲಗಿದಾಗ ಈ ಕಣಗಳು ಒಂದಕ್ಕೊಂದು ಸೇರಿ, ಉಳಿದ ಬಣ್ಣವನ್ನೂ ಜೊತೆಗೆ ಕಟ್ಟಿಕೊಂಡು, ಭಾರವಾದಾಗ ಗಸಿಯಾಗಿ ತಳಕ್ಕಿಳಿಯುತ್ತವೆ. ಆಗ ಒಗರು ಮೆದುವಾಗುತ್ತದೆ. ಹುಳಿ ಮಾತ್ರ ಕಡಿಮೆಯಾಗುವುದಿಲ್ಲ, ಹಣ್ಣಿನ ರುಚಿಯೂ ಹೊಸದಾಗಿ ಹುಟ್ಟುವುದಿಲ್ಲ. ಆದ್ದರಿಂದ ಎಳೆಯದರಲ್ಲೇ ಹಣ್ಣು ಸಾಲದೆ ಬರೀ ಒಗರಾಗಿರುವ ಬಾಟಲಿಯನ್ನು ಇಪ್ಪತ್ತು ವರ್ಷ ಇಟ್ಟರೂ ಅದು ಒಣಗಿದ ಮುದಿ ವೈನ್ ಆಗುತ್ತದೆ ಅಷ್ಟೇ.

ಬಿಸಿಗೆ ಕೆಟ್ಟಿದೆಯೇ ಅಂತ ನೋಡಲು ಬಣ್ಣ ಬಿಟ್ಟು ಬೇರೆ ಗುರುತುಗಳಿವೆ. ತೆರೆಯುವ ಮೊದಲೇ ಬಿರಡೆಯ ತಲೆ ಬಾಟಲಿಯ ಬಾಯಿಗಿಂತ ಮೇಲೆದ್ದಿದೆಯೇ, ಮೇಲಿನ ಹೊದಿಕೆಯ ಕೆಳಗೆ ಅಂಟು ಜಿನುಗಿದೆಯೇ, ಹೊದಿಕೆಯನ್ನು ಬೆರಳಲ್ಲಿ ತಿರುಗಿಸಿದರೆ ತಿರುಗದೆ ಅಂಟಿಕೊಂಡಿದೆಯೇ ನೋಡಿ. ತೆಗೆದ ಬಿರಡೆಯ ಪಕ್ಕದಲ್ಲಿ ವೈನ್ ಏರಿದ ಉದ್ದ ಗೆರೆ ಇದ್ದರೆ ಬಿಸಿಗೆ ಹಿಗ್ಗಿ ಹೊರಬರಲು ನೋಡಿದೆ ಅಂತ ಅರ್ಥ. ಆಮೇಲೆ ಮೂಗು. ಬರೋಲೊದಲ್ಲಿ ಬರಬೇಕಾದದ್ದು ಒಣಗುಲಾಬಿ, ಡಾಂಬರು, ಚೆರಿ, ಲೈಕೊರಿಸ್ ಬೇರು. ವಯಸ್ಸಾದಂತೆ ಚರ್ಮ, ಅಣಬೆ, ಒದ್ದೆ ತರಗೆಲೆ. ಡಾಂಬರು ಮತ್ತು ಗುಲಾಬಿ ಒಂದೇ ಗ್ಲಾಸಿನಲ್ಲಿ ಜೊತೆಗಿರುವುದು ಇದರ ಹೆಗ್ಗುರುತು. ಅದರ ಬದಲು ಕುದಿಸಿದ ಜಾಮ್, ಒಣದ್ರಾಕ್ಷಿ, ಕಚ್ಚಿಟ್ಟು ಕಂದಿದ ಸೇಬಿನ ವಾಸನೆ ಮುಂದಾಗಿ ಬಂದರೆ ಬಿಸಿ ಅಥವಾ ಗಾಳಿ ಹೊಡೆದಿದೆ. ಬಣ್ಣದಲ್ಲೂ ಒಂದು ವ್ಯತ್ಯಾಸ ಉಂಟು. ಹದವಾದ ಬರೋಲೊದ ಕಿತ್ತಳೆಗೆಂಪು ಬೆಳಕಿಗೆ ಹಿಡಿದರೆ ಹೊಳೆಯುತ್ತದೆ, ಕೆಟ್ಟದ್ದು ಆರಿದ ಡಿಕಾಕ್ಷನ್ ಹಾಗೆ ಮಂಕು ಕಂದು.

ನೀವು ಬರೆದಿರುವಂತೆ ಒಗರು ಗಟ್ಟಿಯಾಗಿದ್ದು ಜಾಮ್ ವಾಸನೆ ಇಲ್ಲದಿದ್ದರೆ ನಿಮ್ಮ 2017 ಸರಿಯಾಗಿಯೇ ಇದೆ.


ಏಳು ಗುಡ್ಡ

ಯಾವುದು ಮೊದಲು ಅನ್ನುವುದಕ್ಕೆ ಊರು, ವರ್ಷ, ಮಾಡಿದ ಪದ್ಧತಿ ಮೂರನ್ನೂ ನೋಡಬೇಕು. ನಾನು ಮಣ್ಣಿನಿಂದ ಶುರುಮಾಡುತ್ತೇನೆ.

ಬರೋಲೊ ಸೀಮೆ ಇರುವುದು ಇಟಲಿಯ ವಾಯವ್ಯದ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ನೈಋತ್ಯಕ್ಕಿರುವ ಲಾಂಗೆ ಗುಡ್ಡಗಳಲ್ಲಿ. ಹನ್ನೊಂದು ಊರುಗಳಿಗೆ ಮಾತ್ರ ಈ ಹೆಸರು ಹಾಕುವ ಹಕ್ಕು. ಬಹುಪಾಲು ವೈನ್ ಬರುವುದು ಬರೋಲೊ, ಲಾ ಮೊರಾ, ಕಾಸ್ತಿಲ್ಯೋನೆ ಫಲೆತ್ತೊ, ಸೆರಾಲುಂಗಾ, ಮೊನ್‌ಫೋರ್ತೆ ಈ ಐದರಿಂದ. ಕಣಿವೆಯ ತಳದಲ್ಲಾಗಲಿ ನೇರ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಾಗಲಿ ಬೆಳೆದದ್ದು ಬರೋಲೊ ಆಗುವುದಿಲ್ಲ. ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ಹಣ್ಣು ಇಳಿಸುವಂತಿಲ್ಲ.

ಪಶ್ಚಿಮಕ್ಕೆ, ಲಾ ಮೊರಾ ಮತ್ತು ಬರೋಲೊ ಊರಿನ ಬಹುಭಾಗದಲ್ಲಿ ನೀಲಿಬೂದು ಸುಣ್ಣಜೇಡಿ ಮಣ್ಣು. ಇದನ್ನು ಟೋರ್ಟೋನಿಯನ್ ಅನ್ನುತ್ತಾರೆ. ಇಲ್ಲಿಯ ವೈನ್ ಪರಿಮಳ ಬೇಗ ಬಿಡುತ್ತದೆ, ಒಗರು ನುಣುಪು. ಪೂರ್ವಕ್ಕೆ ಸೆರಾಲುಂಗಾ ಮತ್ತು ಮೊನ್‌ಫೋರ್ತೆಯ ಏಣುಗಳಲ್ಲಿ ಮಣ್ಣು ಇನ್ನೂ ಹಳೆಯದು, ಮರಳುಗಲ್ಲಿನ ಪದರ ಸೇರಿದ್ದು. ಹಳೆಯ ಪುಸ್ತಕಗಳಲ್ಲಿ ಹೆಲ್ವೆಶಿಯನ್ ಅಂತಿರುತ್ತದೆ, ಈಗ ಲೆಕ್ವಿಯೊ ಪದರ ಅನ್ನುತ್ತಾರೆ. ಅಲ್ಲಿಯ ವೈನ್ ಗಡಸು, ನಿಧಾನ, ದೀರ್ಘಾಯು. ಕಾಸ್ತಿಲ್ಯೋನೆ ಫಲೆತ್ತೊ ಇವೆರಡರ ನಡುವಿನ ಏಣಿನ ಮೇಲಿದೆ, ಅಲ್ಲಿ ಪರಿಮಳವೂ ಇದೆ ಕಟ್ಟೂ ಇದೆ. ಇದು ಹೊರಗೆರೆ ಅಷ್ಟೇ. ಗುಡ್ಡದ ಮುಖ, ಎತ್ತರ, ಮಾಡುವವರ ಕೈ ಸೇರಿದರೆ ಎಷ್ಟೋ ಸಲ ಲೆಕ್ಕ ತಲೆಕೆಳಗಾಗುತ್ತದೆ. ಲಾ ಮೊರಾದಲ್ಲೇ ಇದ್ದರೂ ಬ್ರುನಾತೆ ತೋಟದ್ದು ಮೂವತ್ತು ವರ್ಷ ಆರಾಮಾಗಿ ಬಾಳುತ್ತದೆ.

ವರ್ಷಗಳ ವಿಷಯ. 2017ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟಿತು, ಆಮೇಲೆ ಉದ್ದಕ್ಕೂ ಬರ ಮತ್ತು ಬಿಸಿ, ಕೊಯ್ಲು ಬೇಗ. ಹಣ್ಣು ದಪ್ಪ, ಹುಳಿ ಸ್ವಲ್ಪ ಕಡಿಮೆ, ಕೆಲವು ಬಾಟಲಿಗಳಲ್ಲಿ ಒಗರು ಒರಟು. 2016 ಅದಕ್ಕೆ ತದ್ವಿರುದ್ಧ: ಉದ್ದನೆಯ ಸಮಾಧಾನದ ಋತು, ಅಕ್ಟೋಬರಿನಲ್ಲಿ ಕೊಯ್ಲು, ಹಣ್ಣು ಹುಳಿ ಒಗರು ಮೂರೂ ತೂಕಕ್ಕೆ ಸರಿ. 2010ರ ನಂತರ ಬಂದ ವರ್ಷಗಳಲ್ಲಿ ನನ್ನ ಪ್ರಕಾರ ಇದೇ ಮೇಲು. 1996 ಹಳೇ ಶೈಲಿಯ ಕಠಿಣ ವರ್ಷ. ಹುಳಿ ಏರು, ಒಗರು ಬಿಗಿ, ಹಾಗಾಗಿ ಬಹಳ ವರ್ಷ ಬಾಯಿ ಮುಚ್ಚಿಕೊಂಡೇ ಇತ್ತು.

ಆದ್ದರಿಂದ 2017ರ ಲಾ ಮೊರಾವನ್ನು ಈಗ ತೆರೆಯಿರಿ, 2030ರ ಆಚೆಗೆ ಕಾಯಿಸಬೇಡಿ. 1996ರದ್ದು ಈಗ ಪೂರ್ತಿ ಹದದಲ್ಲಿ ಇರಬೇಕು, ಅದೂ ಇದೇ ಚಳಿಗಾಲಕ್ಕೆ. ಮೂವತ್ತು ವರ್ಷದ ಬಾಟಲಿಗೆ ಮೂರೂವರೆ ಸೆಂಟಿಮೀಟರ್ ಅಂತರ ಸಹಜ, ಐದಾರು ಸೆಂಟಿಮೀಟರ್ ಆಗಿದ್ದರೆ ಮಾತ್ರ ಯೋಚಿಸಬೇಕಿತ್ತು. ಸೆರಾಲುಂಗಾ 2016ನ್ನು 2030ರ ತನಕ ಮುಟ್ಟಬೇಡಿ. ಚೆನ್ನಾಗಿ ಇಟ್ಟರೆ 2045 ದಾಟುತ್ತದೆ.


ಐವತ್ತು ಹೆಕ್ಟೋಲೀಟರ್

ಏಳು ಗುಡ್ಡ ಅವರು ಹೇಳಿದ ಮಣ್ಣಿನ ಲೆಕ್ಕ ಒಪ್ಪುತ್ತೇನೆ, ಆದರೆ 1996ರ ಬಾಟಲಿಗೆ ಅದಕ್ಕಿಂತ ಮುಖ್ಯ ಮಾಡಿದವರ ಪದ್ಧತಿ. ನೇರಳೆಮರ ಅವರು ಅದನ್ನು ಹೇಳಿಲ್ಲ. 1996 ಅಂದರೆ ಬರೋಲೊದಲ್ಲಿ ಎರಡು ಬಣಗಳ ಜಗಳ ಜೋರಾಗಿದ್ದ ಕಾಲ.

ಹಳೇ ಪದ್ಧತಿಯಲ್ಲಿ ಹಿಂಡಿದ ಹಣ್ಣಿನ ರಸ ಸಿಪ್ಪೆಯ ಜೊತೆಗೇ 30ರಿಂದ 60 ದಿನ ಇರುತ್ತದೆ. ಹುದುಗುವಾಗ ಸಿಪ್ಪೆ ಮೇಲೆ ತೇಲಿ ಟೋಪಿಯ ಹಾಗೆ ಕಟ್ಟುತ್ತದೆ. ಅದಕ್ಕೆ ಗಾಳಿ ತಾಗಿದರೆ ವಿನೆಗರ್ ಬ್ಯಾಕ್ಟೀರಿಯಾ ಹತ್ತುವುದರಿಂದ ಹಲಗೆಗಳನ್ನು ಅಡ್ಡ ಕೊಟ್ಟು ಸಿಪ್ಪೆಯನ್ನು ರಸದೊಳಗೇ ಮುಳುಗಿಸಿ ಇಡುತ್ತಾರೆ, ಕಷಾಯದಲ್ಲಿ ಬೇರು ನೆನೆಸಿದ ಹಾಗೆ. ಆಮೇಲೆ ವೈನ್ ಹೋಗುವುದು ಕ್ರೊಯೇಷಿಯಾದ ಸ್ಲವೋನಿಯಾ ಸೀಮೆಯ ಓಕ್ ಮರದ ಬೊತ್ತಿ ಎಂಬ ದೊಡ್ಡ ಪೀಪಾಯಿಗೆ. 20ರಿಂದ 50 ಹೆಕ್ಟೋಲೀಟರ್ ಸಾಮಾನ್ಯ, 100 ಹಿಡಿಯುವವೂ ಉಂಟು. ಒಂದು ಹೆಕ್ಟೋಲೀಟರ್ ಅಂದರೆ 100 ಲೀಟರ್. ಪೀಪಾಯಿ ದೊಡ್ಡದಾದಷ್ಟೂ ಒಂದು ಲೀಟರ್ ವೈನಿಗೆ ತಾಗುವ ಮರ ಕಡಿಮೆ. ಮರದ ರುಚಿ ಇಳಿಯುವುದಿಲ್ಲ, ಆದರೆ ಹಲಗೆಯ ಸಂದಿಯಿಂದ ಗಾಳಿ ಒಂದಿಷ್ಟೇ ಒಂದಿಷ್ಟು ಒಳಬಂದು ಒಗರನ್ನು ಪಳಗಿಸುತ್ತದೆ.

1980ರ ದಶಕದಲ್ಲಿ ಹೊಸ ತಲೆಮಾರು ಇದನ್ನೆಲ್ಲ ಪಕ್ಕಕ್ಕಿಟ್ಟಿತು. ಬೂಷ್ಟು ಹಿಡಿದ ಹಳೇ ಪೀಪಾಯಿಗಳಿಂದ ವೈನ್ ಕೊಳಕಾಗುತ್ತಿದೆ ಅನ್ನುವ ಅವರ ದೂರು ಸುಳ್ಳಾಗಿರಲಿಲ್ಲ. ಎಲಿಯೊ ಅಲ್ತಾರೆ 1983ರಲ್ಲಿ ಗರಗಸದ ಯಂತ್ರ ತಂದು ಅಪ್ಪನ ಪೀಪಾಯಿಗಳನ್ನು ಕತ್ತರಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಹೊಸಬರು ತಂದದ್ದು ತಿರುಗುವ ಉಕ್ಕಿನ ತೊಟ್ಟಿ, ಒಂದು ವಾರದೊಳಗೆ ಮುಗಿಯುವ ಸಿಪ್ಪೆ ಸಂಪರ್ಕ ಮತ್ತು 225 ಲೀಟರಿನ ಹೊಸ ಫ್ರೆಂಚ್ ಪೀಪಾಯಿ, ಅಂದರೆ ಬಾರಿಕ್. ವೈನ್ ಬೇಗ ಕುಡಿಯಲು ಬಂತು, ಬಣ್ಣ ಗಾಢವಾಯಿತು, ಜೊತೆಗೆ ವೆನಿಲ್ಲಾ ಮತ್ತು ಹುರಿದ ಕಾಫಿಯ ವಾಸನೆಯೂ ಬಂತು. ಇನ್ನೊಂದು ಕಡೆ ಬಾರ್ತೊಲೊ ಮಸ್ಕರೆಲ್ಲೊ ಬಾರಿಕ್ ಬೇಡ ಅಂತ ಲೇಬಲ್ ಮೇಲೆಯೇ ಕೈಯಲ್ಲಿ ಬರೆದರು, ಜಾಕೊಮೊ ಕೊಂತೆರ್ನೊ ಮನೆಯವರು ಮೊನ್‌ಫೋರ್ತಿನೊ ಎಂಬ ತಮ್ಮ ಬರೋಲೊವನ್ನು ಹಳೇ ರೀತಿಯಲ್ಲೇ ಮಾಡುತ್ತ ಹೋದರು.

ನಿಮ್ಮ 1996 ಹಳೇ ಪದ್ಧತಿಯದಾದರೆ ಏಳು ಗುಡ್ಡ ಅವರು ಹೇಳಿದ್ದು ಸರಿ, ಇನ್ನೂ ಹತ್ತು ವರ್ಷ ಇಟ್ಟರೂ ತಪ್ಪಿಲ್ಲ. ಹೊಸ ಬಾರಿಕ್‌ನದಾದರೆ ಇನ್ನು ಕಾಯುವುದರಲ್ಲಿ ಲಾಭವಿಲ್ಲ. ಮರದಿಂದ ಬಂದ ಒಗರು ದ್ರಾಕ್ಷಿಯ ಒಗರಿನ ಹಾಗೆ ಕರಗುವುದಿಲ್ಲ, ಹಣ್ಣು ಹೋದ ಮೇಲೂ ಕಹಿಯಾಗಿ ಉಳಿಯುತ್ತದೆ. ಈಗಂತೂ ಬಹುತೇಕರು ನಡುದಾರಿಗೆ ಬಂದಿದ್ದಾರೆ. ಎರಡು ಮೂರು ವಾರ ಸಿಪ್ಪೆ ಸಂಪರ್ಕ, ತೊಳೆದು ಶುದ್ಧವಾಗಿಟ್ಟ ದೊಡ್ಡ ಪೀಪಾಯಿ ಅಥವಾ 500 ಲೀಟರಿನದು. 2016ಕ್ಕೆ ಈ ಚಿಂತೆ ಬೇಡ.

ಲೇಬಲ್ ಓದುವಾಗ ಒಂದು ಎಚ್ಚರ. ರಿಸೆರ್ವಾ ಅಂದರೆ ಹೆಚ್ಚು ಒಳ್ಳೆಯದು ಅಂತಲ್ಲ, ಹೆಚ್ಚು ಕಾಲ ಇಟ್ಟದ್ದು ಅಂತ. ಸಾದಾ ಬರೋಲೊ ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ರಿಸೆರ್ವಾಕ್ಕೆ 62 ತಿಂಗಳು. ತೋಟದ ಹೆಸರುಗಳಿಗೂ 2010ರಿಂದ ಅಧಿಕೃತ ಪಟ್ಟಿ ಇದೆ, ಹನ್ನೊಂದು ಊರುಗಳ ಹೆಸರೂ ಸೇರಿ ಒಟ್ಟು 181. ಅದರಲ್ಲಿ ಸೆರಾಲುಂಗಾದ ವಿನ್ಯಾ ರಿಯೊಂದಾದಂಥ ಪುಟ್ಟ ತೋಟವೂ ಇದೆ, ಮೊನ್‌ಫೋರ್ತೆಯ ಬುಸ್ಸಿಯಾದಂಥ ಅರ್ಧ ಊರನ್ನೇ ನುಂಗಿದ್ದೂ ಇದೆ. ಬುಸ್ಸಿಯಾ ಅಂತ ಬರೆದದ್ದೆಲ್ಲ ಒಂದೇ ಗುಣದ್ದಲ್ಲ.


ನೇರಳೆಮರ

1996 ಹಳೇ ಪದ್ಧತಿಯವರದೇ, ದೊಡ್ಡ ಪೀಪಾಯಿ. ಹಾಗಾದರೆ ತೆರೆಯುವ ಕ್ರಮ ಹೇಳಿ. ಡಿಕ್ಯಾಂಟರಿಗೆ, ಅಂದರೆ ಗಾಜಿನ ಹೂಜಿಗೆ, ಸುರಿದು ಮೂರು ಗಂಟೆ ಬಿಡಿ ಅಂತ ಒಬ್ಬರು, ಸುರಿಯಲೇಬೇಡಿ ಅಂತ ಇನ್ನೊಬ್ಬರು ಹೇಳಿದ್ದಾರೆ.


ಬಿರಡೆ

ಇಬ್ಬರೂ ಹೇಳಿದ್ದು ಬೇರೆ ಬೇರೆ ವಯಸ್ಸಿನ ವೈನಿಗೆ ಸರಿ. ಎಳೆಯದಕ್ಕೆ ಗಾಳಿ ಬೇಕು, ಮುದಿಯದಕ್ಕೆ ಗಸಿಯಿಂದ ಬಿಡುಗಡೆ ಬೇಕು.

1996ಕ್ಕೆ ಹೀಗೆ ಮಾಡಿ. ಬಾಟಲಿಯನ್ನು ಕುಡಿಯುವ ದಿನಕ್ಕೆ ಕನಿಷ್ಠ ಮೂರು ದಿನ ಮೊದಲು, ಸಾಧ್ಯವಾದರೆ ಒಂದು ವಾರ ಮೊದಲು, ತಂಪು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ನೆಬ್ಬಿಯೊಲೊ ಗಸಿ ಬೋರ್ಡೊ ವೈನಿನ ಹಾಗೆ ದಪ್ಪ ಹಳಕಲ್ಲ, ಹಿಟ್ಟಿನಷ್ಟು ನಯ. ಒಂದು ರಾತ್ರಿಯಲ್ಲಿ ಅದು ಇಳಿಯುವುದಿಲ್ಲ, ಕದಡಿದರೆ ಇಡೀ ಬಾಟಲಿ ಕಹಿಯಾಗುತ್ತದೆ.

ತೆರೆಯುವ ದಿನ ಹೊದಿಕೆಯನ್ನು ಬಾಯಿಯ ಉಬ್ಬಿನ ಕೆಳಗೆ ಕತ್ತರಿಸಿ ಪೂರ್ತಿ ತೆಗೆಯಿರಿ. ಬಿರಡೆಯ ಮೇಲೆ ಕಪ್ಪು ಬೂಷ್ಟು ಇದ್ದರೆ ಗಾಬರಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂವತ್ತು ವರ್ಷದ ಬಿರಡೆಗೆ ತಿರುಪಿನ ಓಪನರ್ ಒಂದೇ ಹಾಕಿದರೆ ನಡುಭಾಗ ಪುಡಿಯಾಗಿ ಅಂಚು ಗಾಜಿಗೆ ಅಂಟಿಕೊಂಡೇ ಉಳಿಯುತ್ತದೆ. ಎರಡು ತೆಳು ಅಲಗಿನ ಓಪನರ್ ಬಳಸಿ. ಉದ್ದದ ಅಲಗನ್ನು ಮೊದಲು ಬಿರಡೆಗೂ ಗಾಜಿಗೂ ನಡುವೆ ತೂರಿಸಿ, ಆಮೇಲೆ ಗಿಡ್ಡದ್ದು. ಎಡಬಲ ತೂಗುತ್ತ ಕೆಳಗಿಳಿಸಿ, ಒತ್ತಬೇಡಿ. ಒತ್ತಿದರೆ ಸಡಿಲ ಬಿರಡೆ ಒಳಗೇ ಬೀಳುತ್ತದೆ. ಹಿಡಿಕೆ ತಾಗಿದ ಮೇಲೆ ತಿರುಗಿಸುತ್ತ ಮೇಲೆಳೆಯಿರಿ. ಅಷ್ಟಾದರೂ ಮುರಿದರೆ ಉಳಿದ ತುಂಡನ್ನು ಒಳಗೆ ತಳ್ಳಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿಯ ಮೂಲಕ ಸುರಿಯಿರಿ. ಕಾಫಿ ಸೋಸುವ ಕಾಗದ ಬೇಡ, ಅದರ ವಾಸನೆ ವೈನಿಗೆ ಹತ್ತುತ್ತದೆ.

ತೆರೆದ ಮೇಲೆ ಒಂದು ಗುಟುಕು ಮೂಸಿ ನೋಡಿ. ಸರಿಯಿದ್ದರೆ ಬಾಯಿ ತೆರೆದೇ ತಂಪಿನಲ್ಲಿ ನಾಲ್ಕು ಗಂಟೆ ನಿಲ್ಲಿಸಿ. ಬಾಟಲಿಯ ಕತ್ತಿನಷ್ಟೇ ಜಾಗದಲ್ಲಿ ಗಾಳಿ ತಾಗುವುದರಿಂದ ನಿಧಾನಕ್ಕೆ ಅರಳುತ್ತದೆ, ಸುವಾಸನೆ ಹಾರಿಹೋಗುವುದಿಲ್ಲ. ಊಟಕ್ಕೆ ಹತ್ತು ನಿಮಿಷ ಮುಂಚೆ ಡಿಕ್ಯಾಂಟರಿಗೆ ಸುರಿಯಿರಿ. ಬಾಟಲಿಯ ಭುಜದ ಕೆಳಗೆ ಮೊಬೈಲ್ ಟಾರ್ಚ್ ಇಟ್ಟು, ಕೈ ನಿಲ್ಲಿಸದೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಒಳಗೆ ಅಲೆಯೆದ್ದು ಗಸಿ ಕದಡುತ್ತದೆ. ಹೊಗೆಯ ಎಳೆಯಂಥದು ಭುಜದ ಹತ್ತಿರ ಬಂದ ಕ್ಷಣ ಸಾಕು. ತಳದಲ್ಲಿ 50 ಮಿಲಿಲೀಟರ್ ಉಳಿದರೆ ಉಳಿಯಲಿ. ಅದನ್ನು ಮಟನ್ ಗ್ರೇವಿಗೆ ಹಾಕಬಹುದು, ಅದರಿಂದ ತೊಂದರೆ ಏನಿಲ್ಲ.

2017ಕ್ಕೆ ಇಷ್ಟು ಉಪಚಾರ ಬೇಡ. ಅಗಲ ತಳದ ಡಿಕ್ಯಾಂಟರಿಗೆ ಸುರಿದು ಎರಡು ಗಂಟೆ ಬಿಡಿ. ಒಂದು ವೇಳೆ 2016ನ್ನು ಈಗಲೇ ತೆರೆಯಬೇಕಾಗಿ ಬಂದರೆ ಆರು ಗಂಟೆ.

ಕುಡಿಯುವ ಹದ 16ರಿಂದ 18 ಡಿಗ್ರಿ. ಕೋಣೆಯ ಬಿಸಿ ಸಾಕು ಅನ್ನುವ ಮಾತು ಯುರೋಪಿನ ಹಳೇ ಕಲ್ಲುಮನೆಗಳದು. 28 ಡಿಗ್ರಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆದು ಗುಲಾಬಿ ಅಡಗಿಹೋಗುತ್ತದೆ. 2017ರ ಬಾಟಲಿಯನ್ನು ಐಸ್ ಮತ್ತು ನೀರು ಅರ್ಧರ್ಧ ಇರುವ ಬಕೆಟ್ಟಿನಲ್ಲಿ ಸುಮಾರು ಕಾಲು ಗಂಟೆ ಇಡಿ. ಬರೀ ಐಸ್ ತುಂಬಿದರೆ ಗಾಜಿಗೆ ಸರಿಯಾಗಿ ತಾಗದೆ ತಣಿಯುವುದು ನಿಧಾನ. ಗ್ಲಾಸು ದೊಡ್ಡ ಹೊಟ್ಟೆಯದು, 600 ಮಿಲಿಲೀಟರ್ ಹಿಡಿಯುವಂಥದ್ದು, ಅದಕ್ಕೆ ಹೊಯ್ಯುವುದು ನೂರೇ.


ಹಳೇ ಕಡತ

ಉದಾರ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಬರೋಲೊದ ಚರಿತ್ರೆಯನ್ನು ಒಬ್ಬ ಫ್ರೆಂಚ್ ತಜ್ಞನ ಕೈಚಳಕಕ್ಕೆ ಇಳಿಸುವುದು ಅನ್ಯಾಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅದು ಸಿಹಿಯಾಗಿದ್ದದ್ದು ಯಾಕೆ ನೋಡಿ. ನೆಬ್ಬಿಯೊಲೊ ತಡವಾಗಿ ಹಣ್ಣಾಗುವ ತಳಿ, ಕೊಯ್ಲು ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಲಾಂಗೆಯಲ್ಲಿ ಮಂಜು. ಇಟಾಲಿಯನ್ನಿನಲ್ಲಿ ಮಂಜಿಗೆ ನೆಬ್ಬಿಯಾ ಅನ್ನುತ್ತಾರೆ, ದ್ರಾಕ್ಷಿಯ ಹೆಸರು ಅದರಿಂದಲೇ ಬಂತು ಅನ್ನುವವರಿದ್ದಾರೆ. ನವೆಂಬರಿನ ಚಳಿಗೆ ಯೀಸ್ಟ್ ಮಲಗಿಬಿಡುತ್ತದೆ, ಸಕ್ಕರೆ ಪೂರ್ತಿ ಹುದುಗದೆ ಉಳಿಯುತ್ತದೆ, ವಸಂತದಲ್ಲಿ ಮತ್ತೆ ಹುದುಗತೊಡಗಿ ಗುಳ್ಳೆ ಏಳುತ್ತದೆ. 1787ರಲ್ಲಿ ಟೊರಿನೊದಲ್ಲಿ ನೆಬ್ಬಿಯೊಲೊ ಕುಡಿದ ಅಮೆರಿಕದ ಥಾಮಸ್ ಜೆಫರ್‌ಸನ್ ಅದು ಮದೇರಾ ವೈನಿನ ಹಾಗೆ ಸಿಹಿ, ಬೋರ್ಡೊದ ಹಾಗೆ ಒಗರು, ಶಾಂಪೇನಿನ ಹಾಗೆ ಚುರುಕು ಅಂತ ಬರೆದಿಟ್ಟದ್ದು ಇದಕ್ಕೇ ಸರಿಹೊಂದುತ್ತದೆ.

ಸಿಹಿಯಿಲ್ಲದ ಗಂಭೀರ ವೈನ್ ಆದದ್ದು ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ, ಅದು ಹಲವರ ಕೆಲಸ. ಗ್ರಿನ್‌ಝಾನೆಯಲ್ಲಿ 1832ರಿಂದ 1849ರವರೆಗೆ ಮೇಯರ್ ಆಗಿದ್ದ ಕಮಿಲ್ಲೊ ಕವೂರ್ ತನ್ನ ಮನೆತನದ ತೋಟಗಳನ್ನು ಹೊಸದಾಗಿ ನೆಡಿಸಿದ. ಇಟಲಿಯ ಮೊದಲ ಪ್ರಧಾನಿ ಆದದ್ದು ಇದೇ ಕವೂರ್. ಅವನ ನೆಲಮಾಳಿಗೆಯನ್ನು 1830ರ ದಶಕದಲ್ಲೇ ನೋಡಿಕೊಂಡವನು ಪಾವ್ಲೊ ಫ್ರಾಂಚೆಸ್ಕೊ ಸ್ತಾಲ್ಯೆನೊ ಎಂಬ ಸೇನಾಧಿಕಾರಿ. ಮುಚ್ಚಿದ ತೊಟ್ಟಿ, ಶುದ್ಧ ಪಾತ್ರೆ, ಹುದುಗು ಕೊನೆ ಮುಟ್ಟುವವರೆಗೆ ಕಾಯುವುದು, ಇದು ಅವನ ಕ್ರಮ. ಉದಾರ್ ಬಂದದ್ದು ಅವನ ನಂತರ. ಉದಾರ್ ವೈನ್ ವ್ಯಾಪಾರಿ, ಒಳ್ಳೆಯ ಕೆಲಸವನ್ನೂ ಮಾಡಿದ, ಆದರೆ ಸೊನ್ನೆಯಿಂದ ಶುರುಮಾಡಿದವನಲ್ಲ. ಕಡತಗಳನ್ನು ಹುಡುಕಿದ ಇತ್ತೀಚಿನ ಲೇಖಕರು ಇದನ್ನೇ ಎತ್ತಿ ತೋರಿಸಿದ್ದಾರೆ.

ಬರೋಲೊ ಊರಿನ ಕೋಟೆಯಲ್ಲಿ ಫ್ರಾನ್ಸಿನಿಂದ ಮದುವೆಯಾಗಿ ಬಂದ ಜೂಲಿಯಾ ಕೊಲ್ಬೆರ್ ಫಲೆತ್ತಿ ಇದ್ದಳು. 1864ರಲ್ಲಿ ತೀರಿಕೊಂಡ ಆಕೆ ಆ ಮನೆತನದ ಕೊನೆಯವಳು, ಆಸ್ತಿಯೆಲ್ಲ ಧರ್ಮಸಂಸ್ಥೆಗೆ ಹೋಯಿತು. ಪಿಯೆಮೊಂಟೆಯನ್ನು ಆಳುತ್ತಿದ್ದ ರಾಜ ಕಾರ್ಲೊ ಅಲ್ಬೆರ್ತೊ ವೆರ್ದುನೊ ಊರಿನ ಕೋಟೆಯನ್ನು ತೋಟ ಸಮೇತ ಕೊಂಡ. ಅವನ ಮಗ ಎರಡನೇ ವಿತ್ತೋರಿಯೊ ಎಮನುಎಲೆ 1858ರಲ್ಲಿ ಸೆರಾಲುಂಗಾದ ಫೊಂತಾನಾಫ್ರೆದ್ದಾ ಎಸ್ಟೇಟ್ ಕೊಂಡ. ರಾಜರ ವೈನ್, ವೈನ್‌ಗಳ ರಾಜ ಅನ್ನುವ ಮಾತಿಗೆ ಬೇರು ಇಲ್ಲಿದೆ.

ರಾಜರ ಕಥೆಗಿಂತ ನನಗೆ ದೊಡ್ಡದಾಗಿ ಕಾಣುವುದು ರೈತರದು. ಇಪ್ಪತ್ತನೇ ಶತಮಾನದ ನಡುವಿನವರೆಗೂ ಇಲ್ಲಿಯ ಬೆಳೆಗಾರರು ಹಣ್ಣನ್ನು ಆಲ್ಬಾ ಸಂತೆಯಲ್ಲಿ ದೊಡ್ಡ ವ್ಯಾಪಾರಿಗಳು ಹೇಳಿದ ಬೆಲೆಗೆ ಮಾರುತ್ತಿದ್ದರು. ಬೇರೆ ಬೇರೆ ಊರಿನ ಹಣ್ಣು ಬೆರೆಸಿ ಮಾಡುವುದೇ ರೂಢಿ. 1961ರಲ್ಲಿ ವೈನ್ ಮಾಡುವ ಪ್ರುನೊತ್ತೊ ಮನೆಯವರು ಬುಸ್ಸಿಯಾದ್ದನ್ನೂ ವಿಯೆತ್ತಿ ಮನೆಯವರು ರೊಕ್ಕೆಯದನ್ನೂ ತೋಟದ ಹೆಸರಿನಲ್ಲೇ ಬಾಟಲಿಗೆ ಹಾಕಿದಾಗ, ಅಜ್ಜಂದಿರು ಬಾಯಲ್ಲಿ ಇಟ್ಟುಕೊಂಡಿದ್ದ ತೋಟದ ಹೆಸರುಗಳಿಗೆ ಬೆಲೆ ಬಂತು. ಹೆಸರನ್ನೂ ಮೂಲಸ್ಥಾನವನ್ನೂ ಕಾಯುವ ಸರ್ಕಾರದ ಡಿಒಸಿ ಮಾನ್ಯತೆ 1966ರಲ್ಲಿ, ಅದಕ್ಕೂ ಮೇಲಿನ ಡಿಒಸಿಜಿ 1980ರಲ್ಲಿ. 2014ರಲ್ಲಿ ಯುನೆಸ್ಕೊ ಈ ಗುಡ್ಡಗಳ ದ್ರಾಕ್ಷಿ ತೋಟಗಳನ್ನೂ ಗ್ರಿನ್‌ಝಾನೆಯ ಕೋಟೆಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಿಮ್ಮ ಬಾಟಲಿಯ ಭುಜದ ಮೇಲೆ ಗಾಜಿನಲ್ಲೇ ಉಬ್ಬಿಸಿದ ಆಲ್ಬೇಸಾ ಎಂಬ ಅಕ್ಷರಗಳಿವೆಯೇ ನೋಡಿ. ಆಲ್ಬಾ ಸೀಮೆಯ ಹಳೇ ಬಾಟಲಿಯ ಆಕಾರವನ್ನು 1973ರಲ್ಲಿ ರೆನಾತೊ ರಾತ್ತಿ ಮತ್ತು ಜೊತೆಯವರು ಮತ್ತೆ ಬಳಕೆಗೆ ತಂದರು. ಎಲ್ಲರೂ ಬಳಸುವುದಿಲ್ಲ, ಇರದಿದ್ದರೆ ನಕಲಿ ಅಂತೇನಲ್ಲ. ಅಸಲಿಗೆ ನೋಡಬೇಕಾದ್ದು ಕತ್ತಿನ ಮೇಲಿನ ಸಂಖ್ಯೆಯುಳ್ಳ ಸರ್ಕಾರಿ ಪಟ್ಟಿ.


ತಂಪುಮೂಲೆ

2016ನ್ನು 2030ರ ಆಚೆ ಇಡಿ ಅಂತ ಏಳು ಗುಡ್ಡ ಹೇಳಿದ್ದು ನೆಲಮಾಳಿಗೆ ಇರುವವರ ಲೆಕ್ಕ. ಬೆಂಗಳೂರಿನ ಕಪಾಟಿಗೆ ಅದು ಹೊಂದುವುದಿಲ್ಲ.

ಬೇಕಾದ್ದು 12ರಿಂದ 14 ಡಿಗ್ರಿ, ತೇವಾಂಶ 60ರಿಂದ 70 ಪ್ರತಿಶತ, ಕತ್ತಲು, ಅಲುಗಾಟ ಇಲ್ಲದ ಜಾಗ, ಬಾಟಲಿ ಮಲಗಿಸಿರಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯೊಳಗೆ 30 ಡಿಗ್ರಿ ಸುಲಭವಾಗಿ ದಾಟುತ್ತದೆ. ಬಿಸಿಗಿಂತ ಕೆಟ್ಟದ್ದು ಏರಿಳಿತ. ಹಗಲು ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ರಾತ್ರಿ ಕುಗ್ಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಇದು ದಿನಾ ನಡೆದರೆ ಐದಾರು ವರ್ಷದಲ್ಲಿ ಯಾವ ಸೆರಾಲುಂಗಾವೂ ಸೋಲುತ್ತದೆ.

ಹತ್ತು ವರ್ಷ ಇಡುವ ಮನಸ್ಸಿದ್ದರೆ ಕಂಪ್ರೆಸರ್ ಇರುವ ವೈನ್ ಫ್ರಿಜ್ ಕೊಳ್ಳಿ, 13ಕ್ಕೆ ಇಡಿ. ಕಂಪ್ರೆಸರ್ ಇಲ್ಲದ ಅಗ್ಗದ ಮಾದರಿಗಳು ಹೊರಗಿನ ಬಿಸಿಗಿಂತ ಹತ್ತು ಹನ್ನೆರಡು ಡಿಗ್ರಿಯಷ್ಟೇ ಇಳಿಸುತ್ತವೆ. ಹೊರಗೆ 33 ಇದ್ದರೆ ಒಳಗೆ 21ರ ಮೇಲೆಯೇ. ಗಂಟೆ ಎರಡು ಗಂಟೆ ಕರೆಂಟು ಹೋದರೆ ಬಾಗಿಲು ತೆಗೆಯದೆ ಬಿಡಿ, ಏನಾಗುವುದಿಲ್ಲ. ಅಡುಗೆಮನೆಯ ಮಾಮೂಲಿ ಫ್ರಿಜ್ಜು ವರ್ಷಗಟ್ಟಲೆ ಇಡುವುದಕ್ಕೆ ಸಲ್ಲ, ಒಳಗಿನ ಒಣಗಾಳಿಗೆ ಬಿರಡೆ ಕುಗ್ಗುತ್ತದೆ. ಇದ್ಯಾವುದೂ ಆಗದಿದ್ದರೆ 2016ನ್ನೂ ಎರಡು ಮೂರು ವರ್ಷದೊಳಗೆ, ಬಿರಡೆ ಅವರು ಹೇಳಿದ ಆರು ಗಂಟೆ ಗಾಳಿ ಕೊಟ್ಟು ಕುಡಿಯುವುದೇ ವಿವೇಕ.

ಊಟದ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ಬರೋಲೊ 14 ಪ್ರತಿಶತದ ಆಸುಪಾಸಿನ ಆಲ್ಕೋಹಾಲಿನದು. ಬ್ಯಾಡಗಿಯೋ ಗುಂಟೂರೋ, ಮೆಣಸಿನಕಾಯಿ ಖಾರ ಸೇರಿದರೆ ಎರಡೂ ಕೂಡಿ ಉರಿಯುತ್ತದೆ, ಒಗರು ಕಹಿಯಾಗುತ್ತದೆ. ಕಾಳುಮೆಣಸು ಅಡ್ಡಿಯಿಲ್ಲ. ಒಗರಿಗೆ ಬೇಕಾದ್ದು ಮಾಂಸದ ಪ್ರೊಟೀನು ಮತ್ತು ಕೊಬ್ಬು. ಪಿಯೆಮೊಂಟೆಯವರು ದನದ ಮಾಂಸವನ್ನು ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸುತ್ತಾರೆ, ಮೊಟ್ಟೆಯ ಹಳದಿಯನ್ನೇ ಹಾಕಿ ಕಲಸಿದ ತಯಾರಿನ್ ಎಂಬ ಎಳೆಶ್ಯಾವಿಗೆಯ ಮೇಲೆ ಆಲ್ಬಾದ ಬಿಳಿ ಟ್ರಫಲ್ ಎಂಬ ನೆಲದೊಳಗಿನ ಅಣಬೆ ತುರಿಯುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ ಹಾಕದೆ ಕಾಳುಮೆಣಸಿನಲ್ಲಿ ನಿಧಾನಕ್ಕೆ ಬೇಯಿಸಿದ ಮಟನ್, ತುಪ್ಪದಲ್ಲಿ ಹುರಿದ ಅಣಬೆ, ತುಪ್ಪದನ್ನ ಚೆನ್ನಾಗಿ ಹೊಂದುತ್ತವೆ. ಹುಣಸೆಹುಳಿ ಮುಂದಾದ ಸಾರು, ಉಪ್ಪಿನಕಾಯಿ ಆ ಹೊತ್ತಿಗೆ ದೂರ ಇರಲಿ.


ನೇರಳೆಮರ

ತುಂಬ ಉಪಕಾರ. ಕ್ರಮ ಗೊತ್ತಾಯಿತು: 2017 ಈಗ, 1996 ಡಿಸೆಂಬರಿಗೆ, 2016 ಫ್ರಿಜ್ ಬಂದರೆ ಮಾತ್ರ ಮುಂದಕ್ಕೆ. ಒಂದೇ ಅನುಮಾನ. 1996 ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಕೆಟ್ಟಿದೆ ಅಂತ ಆಗಲೇ ತೀರ್ಮಾನಿಸಬಹುದೇ?


ಬಿರಡೆ

ಆಗಲೇ ಬೇಡ. ಮೂವತ್ತು ವರ್ಷ ಮುಚ್ಚಿದ್ದ ಬಾಟಲಿಯಲ್ಲಿ ಹಳೇ ಪೆಟ್ಟಿಗೆ ತೆರೆದಂಥ, ಒದ್ದೆ ಮಣ್ಣಿನಂಥ ವಾಸನೆ ಮೊದಲು ಬರುವುದುಂಟು, ಅದು ಗಾಳಿಗೆ ಹೋಗುತ್ತದೆ. ಟಿಸಿಎ ಅನ್ನುವ ಬಿರಡೆ ದೋಷ ಬೇರೆ. ಮಳೆಗೆ ನೆನೆದ ರಟ್ಟಿನ ಡಬ್ಬದ ವಾಸನೆ ಅದು, ಹಣ್ಣಿನ ಪರಿಮಳವನ್ನೂ ಮುಚ್ಚಿಬಿಡುತ್ತದೆ. ಎರಡನ್ನೂ ಬೇರ್ಪಡಿಸಲು ಗ್ಲಾಸಿಗೆ ಎರಡು ಗುಟುಕು ಹೊಯ್ದು ಅರ್ಧ ಗಂಟೆ ಬಿಡಿ, ಹತ್ತು ನಿಮಿಷಕ್ಕೊಮ್ಮೆ ಮೂಸಿ. ನಡುನಡುವೆ ಮೂಗಿಗೆ ವಿರಾಮ ಕೊಡಿ, ಇಲ್ಲದಿದ್ದರೆ ಮೂಗು ಆ ವಾಸನೆಗೆ ಒಗ್ಗಿಕೊಂಡು ಮೋಸ ಮಾಡುತ್ತದೆ. ಮುಗ್ಗಲು ಕಡಿಮೆಯಾಗುತ್ತ ಗುಲಾಬಿ ಮೇಲೆ ಬಂದರೆ ವೈನ್ ಸರಿಯಿದೆ. ರಟ್ಟಿನ ವಾಸನೆ ಹೋಗದೆ ಇನ್ನೂ ಎದ್ದುಬಂದರೆ ಟಿಸಿಎ, ಎಷ್ಟು ಹೊತ್ತು ಡಿಕ್ಯಾಂಟರಿನಲ್ಲಿಟ್ಟರೂ ಸರಿಹೋಗದು. ಆ ದಿನಕ್ಕೆ ಬೇರೊಂದು ಬಾಟಲಿಯನ್ನು ತಣಿಸಿ ಪಕ್ಕದಲ್ಲಿ ಇಟ್ಟುಕೊಂಡಿರಿ.